ದುರ್ಗಯ್ಯನ ಚೀಲ

ಏಣಿಯ ತುದಿಯಲ್ಲಿ ನಿಂತು ತಲೆಗೆ ಟವೆಲು ಬಿಗಿಯುತ್ತಿದ್ದವನು ದುರ್ಗಯ್ಯ ಎಂದು ಗೊತ್ತಾದ ಕೂಡಲೇ ಸರ್ವಮಂಗಳಳ ಕೈಯಲ್ಲಿದ್ದ ಮಜ್ಜಿಗೆ ತಂಬಿಗೆ ವಾಲಿ ಸೆರಗೆಲ್ಲ ಒದ್ದೆಯಾಯಿತು. ಅವಳು ಅದನ್ನು ಒರೆಸಿಕೊಳ್ಳುವುದಕ್ಕೂ ಹೋಗದೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ಗಂಡನ ಹತ್ತಿರ ಬಂದಳು.

"ಅಟ್ಟದ ಕಾಯಿ ಇಳಿಸೋಕೆ ಹನುಮಂತಯ್ಯ ಬರ್ತಾನೆ ಅಂದಿದ್ರಲ್ಲ?"

"ಅವನಿಗೆ ಜ್ವರವಂತೆ ಕಣೇ. ಇವನು ಸುಮ್ನೆ ಕೂತಿದ್ದ, ಕರ್ಕೊಂಡ್ಬಂದೆ. ಯಾಕೆ?" ಎಂದ ಬೆಟ್ಟಸ್ವಾಮಿ.

"ಏನಿಲ್ಲ."

ಏನಿಲ್ಲ ಅಂದುಬಿಟ್ಟರೆ ಏನೂ ಇಲ್ಲದಂತಾಗುತ್ತದೆಯೇ? ಕೊಟ್ಟಿಗೆಯ ಮೇಲಿನ ಆ ಅಟ್ಟದಲ್ಲಿ, ಹಿಂದಿನ ಗೋಡೆಯ ಮೂಲೆಯಲ್ಲಿ, ಗಾಜಿನ ಹೆಂಚಿನ ಕೆಳಗೆ, ಕಳೆದ ವರ್ಷ ಏರಿಸಿದ ತೆಂಗಿನಕಾಯಿಯ ರಾಶಿಯಡಿ ಲೈಬ್ರರಿಯ ಪುಸ್ತಕವೊಂದು ಬಿದ್ದಿತ್ತು. ಅದು ಅಲ್ಲಿರುವುದು ಅವಳೊಬ್ಬಳಿಗೇ ಗೊತ್ತು. ಅದೇ ಪುಸ್ತಕವನ್ನು ಕಳೆದುಬಿಟ್ಟ ಅಂತ ದುರ್ಗಯ್ಯನನ್ನು ಲೈಬ್ರರಿಯ ಕೆಲಸದಿಂದ ತೆಗೆದುಹಾಕಿದ್ದರು. ಆಳುಗಳು ಊಟಕ್ಕೆ ಕೂತಾಗ ತಾನೇ ಮೇಲೆ ಹತ್ತಿ, ಪುಸ್ತಕವನ್ನು ಸೆರಗಿನಲ್ಲಿ ಅಡಗಿಸಿಕೊಂಡು ಇಳಿದುಬಿಡಬೇಕು ಅಂತ ಅವಳು ಎಷ್ಟು ದಿನದಿಂದ ಲೆಕ್ಕ ಹಾಕಿದ್ದಳೋ! ಆಮೇಲೆ ಅದನ್ನು ಏನು ಮಾಡುವುದು ಎಂಬುದಕ್ಕೆ ಮಾತ್ರ ಅವಳ ಲೆಕ್ಕದಲ್ಲಿ ಉತ್ತರವಿರಲಿಲ್ಲ.

ದಡಬಡ ಅಂತ ಮೊದಲ ಕಾಯಿಗಳು ಕೆಳಗೆ ಬಿದ್ದವು.

ಆ ಊರಿನ ಲೈಬ್ರರಿ ಎಂದರೆ ಬಸ್ ನಿಲ್ಲುವ ಕಡೆ ಒಂದು ಕೋಣೆ. ಉದ್ದನೆಯ ಮೇಜು, ಎರಡು ಬೆಂಚು, ಗಾಜಿನ ಬೀರುಗಳು, ಬೆಳಗಿನ ಹೊನ್ನವಳ್ಳಿ ಬಸ್ಸಿನಲ್ಲಿ ಬರುವ ಪೇಪರು. ಪೇಪರಿನ ಮೇಲೆ ಗಂಡಸರು ಮುಗಿಬೀಳುತ್ತಿದ್ದರು. ತಿಪಟೂರಿನ ಕೊಬ್ಬರಿ ಧಾರಣೆ ನೋಡುವ ತನಕ ಒಬ್ಬರಿಗೂ ದೇಶದ ಸುದ್ದಿ ಬೇಕಿರಲಿಲ್ಲ. ಬೀಡಿಯ ಹೊಗೆಯಲ್ಲಿ ಅವರ ನಡುವೆ ಹೋಗಿ ನಿಂತು ಯಾವ ಹೆಂಗಸು ಪುಸ್ತಕ ಕೇಳಿಯಾಳು? ಅದಕ್ಕೇ ಲೈಬ್ರರಿಯನ್ನರು ಒಂದು ಉಪಾಯ ಮಾಡಿದ್ದರು. ಕೋಣೆ ಗುಡಿಸಿ ಪೇಪರು ಜೋಡಿಸುತ್ತಿದ್ದ ದುರ್ಗಯ್ಯನ ಸೈಕಲ್ಲಿಗೆ ಒಂದು ಖಾಕಿ ಚೀಲ ಕಟ್ಟಿಸಿ, ಸೋಮವಾರ ಸೋಮವಾರ ಮನೆಮನೆಗೆ ಪುಸ್ತಕ ಕಳಿಸತೊಡಗಿದರು. ಓದಿದ್ದನ್ನು ಚೀಲಕ್ಕೆ ಹಾಕಬೇಕು, ಹೊಸದನ್ನು ಚೀಲದಿಂದ ಆರಿಸಿಕೊಳ್ಳಬೇಕು. ಚೀಲಕ್ಕೆ ಬಿದ್ದ ಮೇಲೆ ಪುಸ್ತಕದ ಹೊಣೆ ದುರ್ಗಯ್ಯನದು.

ಅವನಿಗೆ ಅಕ್ಷರ ಅಷ್ಟಕ್ಕಷ್ಟೆ. ಆದರೂ ಜಗಲಿಯ ಮೇಲೆ ಪುಸ್ತಕ ಹರಡಿಕೊಂಡು ಬಳೆಗಾರನ ಹಾಗೆ ವ್ಯಾಪಾರಕ್ಕೆ ಕೂರುತ್ತಿದ್ದ. "ಅಮ್ಮಾರೆ, ಇದ್ರಾಗೆ ಕೊನೇಗೆ ಮದ್ವೆ ಆಯ್ತದಂತೆ. ಅಳಬೇಕು ಅನ್ನಂಗಿದ್ರೆ ಇದು ತಗಳಿ, ಲಕ್ಷ್ಮಕ್ಕಾರು ಮೂರ್ ದಿವ್ಸ ಅತ್ರಂತೆ" ಅನ್ನುವನು. ಪಕ್ಕದ ಮನೆಯ ಲಕ್ಷ್ಮಕ್ಕ ಗೋಡೆಯಾಚೆಯಿಂದಲೇ, "ನಾನೆಲ್ಲಿ ಅತ್ತೆನಪ್ಪಾ, ಈರುಳ್ಳಿ ಹೆಚ್ತಿದ್ದೆ" ಅಂತ ಕೂಗುವಳು. ಸೋಮವಾರವೆಂದರೆ ಆ ಬೀದಿಯ ಹೆಂಗಸರಿಗೆ ಒಂದು ಸಡಗರವಾಗಿತ್ತು.

ಹಾಗೆ ಒಂದು ಸೋಮವಾರ ಆ ಚೀಲದಿಂದ ಸರ್ವಮಂಗಳ ಎರಡು ಪುಸ್ತಕ ತೆಗೆದುಕೊಂಡಳು. ಒಂದು ಕಾದಂಬರಿ. ಇನ್ನೊಂದು ಕಡಲಿನ ಜೀವಿಗಳ ಬಣ್ಣದ ಚಿತ್ರಗಳಿದ್ದ ದಪ್ಪ ಪುಸ್ತಕ. ಅವಳು ಕಡಲನ್ನು ಕಂಡವಳಲ್ಲ. ತವರು ಹಂದನಕೆರೆ, ಸೇರಿದ್ದು ಈ ಊರು. ಅವಳು ಕಂಡ ದೊಡ್ಡ ನೀರೆಂದರೆ ಕೆರೆ ಕೋಡಿ ಬಿದ್ದದ್ದೇ. ಆ ಪುಸ್ತಕದಲ್ಲಿ ನೀಲಿ ಪಟ್ಟೆಯ ಮೀನು, ಹೂವಿನಂತೆ ಅರಳಿ ನಿಂತು ಮೀನನ್ನೇ ನುಂಗುವ ಜೀವಿ, ಏನೇನೋ. ಅವಳಿಗೆ ಹುಚ್ಚೇ ಹಿಡಿದಂತಾಯಿತು. ಆದರೆ ನಡುಮನೆಯಲ್ಲಿ ಅದನ್ನು ಬಿಚ್ಚಿ ಕೂತರೆ ಅತ್ತೆ ದ್ರಾಕ್ಷಾಯಣಮ್ಮ ಮುಖ ಸಿಂಡರಿಸಿದಳು. "ಥೂ, ಮೀನು! ಲಿಂಗಪೂಜೆ ಮಾಡೋ ಮನೇಲಿ ಅದೇನೇ ಅದು? ಎತ್ತಿಡೇ ಆಚೆಗೆ." ಆಗ ಅಟ್ಟ ಖಾಲಿಯಿತ್ತು. ಹಳೆಯ ಕೊಬ್ಬರಿ ಇಳಿದು ಹೊಸ ಕಾಯಿ ಏರುವ ನಡುವೆ ವರ್ಷಕ್ಕೊಮ್ಮೆ ಸ್ವಲ್ಪ ದಿನ ಅದು ಹಾಗೆ ಬರಿದಾಗಿರುತ್ತದೆ. ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ಅವಳು ಏಣಿ ಹತ್ತಿ, ಗಾಜಿನ ಹೆಂಚಿನಿಂದ ಬೀಳುವ ಬೆಳಕಿನಲ್ಲಿ ಹೊಟ್ಟೆ ಅಡಿಯಾಗಿ ಮಲಗಿ ಕಡಲು ನೋಡುತ್ತಿದ್ದಳು.

ಅಷ್ಟರಲ್ಲಿ ತಂಗಿಯ ನಿಶ್ಚಿತಾರ್ಥಕ್ಕೆಂದು ತವರಿನಿಂದ ಕರೆಬಂತು. ಪುಸ್ತಕ ಅಟ್ಟದ ಮೂಲೆಯಲ್ಲೇ ಉಳಿಯಿತು. ಹಿಂತಿರುಗಿ ಬಂದು ನೋಡುತ್ತಾಳೆ, ಅಟ್ಟದ ತುಂಬ ಕಾಯಿ, ಹೆಂಚಿಗೆ ಮುಟ್ಟುವ ಹಾಗೆ!

ಏರಿಸಿದ ಕಾಯಿಯನ್ನು ಕದಲಿಸುವುದುಂಟೇ? ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗುಡುಗುಡು ಅನ್ನಬೇಕು. ಅದಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಬೇಕು. ನಡುವೆ ಎತ್ತಿಹಾಕಿ ಕಾಯಿ ಬಿರುಕು ಬಿಟ್ಟರೆ ಕೊಳೆಯುತ್ತದೆ, ಕೊಳೆತದ್ದು ಪಕ್ಕದ್ದನ್ನೂ ಕೆಡಿಸುತ್ತದೆ. ದ್ರಾಕ್ಷಾಯಣಮ್ಮನಂತೂ ಆ ಅಟ್ಟವನ್ನು ಬಾಣಂತಿಯ ಕೋಣೆಯಂತೆ ಕಾಯುತ್ತಿದ್ದಳು. ಮೀನಿನ ಪುಸ್ತಕಕ್ಕಾಗಿ ಅಟ್ಟ ಇಳಿಸಿ ಅಂತ ಸರ್ವಮಂಗಳ ಯಾವ ಬಾಯಲ್ಲಿ ಹೇಳಬೇಕಿತ್ತು? ಆ ಸೋಮವಾರ ಕಾದಂಬರಿಯೊಂದನ್ನೇ ಹಳೇ ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. ದುರ್ಗಯ್ಯ ಬಿಚ್ಚಿ ನೋಡಲಿಲ್ಲ. ಅವನು ಯಾರದನ್ನೂ ಬಿಚ್ಚಿ ನೋಡುತ್ತಿರಲಿಲ್ಲ.

ಬೀರುವಿನ ಪುಸ್ತಕಗಳನ್ನು ಎಣಿಸಿ ನೋಡಲು ಮೇಲಿನ ಸಾಹೇಬರೊಬ್ಬರು ಬಂದಾಗ ಬಣ್ಣದ ಪುಸ್ತಕ ಇಲ್ಲ ಅನ್ನುವುದು ಬಯಲಾಯಿತು. ಬೆಲೆಬಾಳುವ ಪುಸ್ತಕವಂತೆ. ಸಾಹೇಬರು, ಲೈಬ್ರರಿಯನ್ನರು, ಚೀಲ ಹಿಡಿದ ದುರ್ಗಯ್ಯ ಮೂವರೂ ಬಂದು ಜಗಲಿಯ ಮುಂದೆ ನಿಂತರು. ಬೆಟ್ಟಸ್ವಾಮಿ ಒಳಗೆ ತಿರುಗಿ, "ಏನೇ, ಲೈಬ್ರರಿ ಪುಸ್ತಕ ಕಳೆದ್ಹಾಕಿದ್ಯಾ? ಮಾನ ಕಳೀತೀಯಲ್ಲೇ!" ಅಂದ. ಅತ್ತೆ ಬಾಗಿಲಿಗೆ ಬಂದಳು. ಆ ಒಂದು ಗಳಿಗೆಯಲ್ಲಿ ಸರ್ವಮಂಗಳಳ ಬಾಯಿಂದ ಆ ಮಾತು ಎಷ್ಟು ಮೆತ್ತಗೆ, ಎಷ್ಟು ಸಲೀಸಾಗಿ ಬಂತು!

"ಎರಡನ್ನೂ ಒಟ್ಟಿಗೇ ಪೇಪರಲ್ಲಿ ಸುತ್ತಿ ಕೊಟ್ಟೆನಲ್ಲ ದುರ್ಗಯ್ಯ. ಮರ್ತ್ಯಾ?"

ದುರ್ಗಯ್ಯ ಅವಳ ಮುಖ ನೋಡಿದ. ಆಮೇಲೆ ಹಣೆ ಉಜ್ಜಿಕೊಂಡ. "ಇರ್ಬೌದು... ದಪ್ಪನಾಗೇ ಇತ್ತೇನೋ" ಅಂದ.

ಆ "ಇರ್ಬೌದು" ಅವನ ಕೆಲಸ ತಿಂದಿತು. ಮನೆಮನೆಗೆ ಪುಸ್ತಕ ಕಳಿಸುವುದನ್ನೂ ನಿಲ್ಲಿಸಿದರು. ಊರವರಿಗೋ ಒಂದು ಹೊಸ ಮಾತು ಸಿಕ್ಕಿತು. ಯಾರಾದರೂ ಏನನ್ನಾದರೂ ಎಲ್ಲಿಟ್ಟೆ ಅಂತ ಹುಡುಕಿದರೆ, "ದುರ್ಗಯ್ಯನ ಚೀಲಕ್ಕೆ ಹಾಕಿದ್ಯೇನೋ ನೋಡಪ್ಪ" ಅನ್ನುವರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಸರ್ವಮಂಗಳ ಏನೋ ಕೆಲಸ ನೆನೆಸಿಕೊಂಡು ಒಳಗೆ ಹೋಗುತ್ತಿದ್ದಳು. ಇವತ್ತು ಹೇಳುತ್ತೇನೆ, ಹಬ್ಬ ಕಳೆಯಲಿ ಹೇಳುತ್ತೇನೆ, ಅಟ್ಟ ಇಳಿಯಲಿ ಹೇಳುತ್ತೇನೆ. ಹೀಗೇ ವರ್ಷ ಕಳೆದಿತ್ತು. ರಾತ್ರಿ ಕೊಟ್ಟಿಗೆಯಲ್ಲಿ ದನ ಕಾಲು ಝಾಡಿಸಿದರೂ ಅವಳಿಗೆ ಅಟ್ಟದ ಮೇಲೆ ಯಾರೋ ನಡೆದಂತೆ ಕೇಳುತ್ತಿತ್ತು.

ಈಗ ಅಂಗಳದಲ್ಲಿ ಮಟ್ಟೆ ಸುಲಿದ ಕಾಯಿಗಳ ಚಿಪ್ಪು ಬಿಡಿಸಲು ಹೆಂಗಸರು ಕೂತಿದ್ದರು. ಲಕ್ಷ್ಮಕ್ಕನೂ ಕೆಲಸಕ್ಕೆ ಕೆಲಸದ ಮುಯ್ಯಿಗೆಂದು ಬಂದಿದ್ದಳು. ಅವಳು ಮೇಲಕ್ಕೆ ಕತ್ತೆತ್ತಿ, "ಏನ್ ದುರ್ಗಯ್ಯ, ಕಾಯಿನಾದ್ರೂ ಎಲ್ಲಾ ಇಳ್ಸಪ್ಪಾ, ಪುಸ್ತಕದಂಗೆ ಎಲ್ಲಾದ್ರೂ ಮರ್ತುಬಿಟ್ಟೀಯ!" ಅಂದಳು. ಎಲ್ಲರೂ ನಕ್ಕರು. ಮೇಲಿನಿಂದ ದುರ್ಗಯ್ಯನೂ ನಕ್ಕ.

"ನನ್ ತಲೆ ಅಂಗೇ ಕಣ್ರಕ್ಕ, ತೂತು ಬಿದ್ದೋಗದೆ" ಅಂದ.

ಸರ್ವಮಂಗಳ ಕೈಯಲ್ಲಿದ್ದ ಕಾಯಿ ಕೆಳಗಿಟ್ಟು ಎದ್ದಳು. ಹಿಂದಿನ ಗೋಡೆಗೆ ಅವನು ಇನ್ನೂ ಮುಟ್ಟಿಲ್ಲ. ಈಗಲೇ ಹೋಗಿ, ದುರ್ಗಯ್ಯ, ಇಳಿದು ಬಾ, ಮಜ್ಜಿಗೆ ಕುಡಿ ಅಂತ ಕರೆದರೆ? ಲೋಟಕ್ಕೆ ಮಜ್ಜಿಗೆ ಬಗ್ಗಿಸಿಟ್ಟು ಕರೆದಳು ಕೂಡ.

"ಒಂದೇ ಸಲ ಮುಗ್ಸಿ ಬತ್ತೀನಿ ಅಮ್ಮಾರೆ, ಮೂಲೇಲಿ ವಸಿ ಐತೆ."

ಕಾಯಿ ಬೀಳುತ್ತಿದ್ದವು. ಅಟ್ಟದ ಹಲಗೆಗಳ ಸಂದಿಯಿಂದ ನಾರಿನ ಪುಡಿ ಸುರಿಯುತ್ತಿತ್ತು. ಅವಳು ಒಂದೊಂದು ಕಾಯಿ ಬಿದ್ದಾಗಲೂ ಇದು ಮೂಲೆಯದೋ, ಇದು ಮೂಲೆಯದೋ ಅಂತ ಕಿವಿಗೊಟ್ಟು ನಿಂತಳು. ಆಮೇಲೆ ಸದ್ದು ನಿಂತಿತು. ಚಿಪ್ಪು ಬಿಡಿಸುತ್ತಿದ್ದವರು ಕತ್ತೆತ್ತಿದರು. "ಏನ್ಲಾ, ಹಾವೇನ್ಲಾ?" ಅಂತ ಬೆಟ್ಟಸ್ವಾಮಿ ಕೂಗಿದ.

ದುರ್ಗಯ್ಯ ಏಣಿ ಇಳಿದ. ಇಳಿದ ಅನ್ನುವುದಕ್ಕಿಂತ ಜಾರಿಕೊಂಡೇ ಬಂದ. ಮೈಯೆಲ್ಲ ನಾರಿನ ಪುಡಿ, ಕೈಯಲ್ಲಿ ಪುಸ್ತಕ. ಒಂದು ಮೂಲೆಯನ್ನು ಇಲಿ ತಿಂದಿತ್ತು, ರಟ್ಟು ಬಾಗಿತ್ತು. ಲೈಬ್ರರಿಯ ಮೊಹರು ಮಾತ್ರ ಹಾಗೇ ಇತ್ತು. ಸರ್ವಮಂಗಳ ಅವನ ಕಣ್ಣನ್ನು ನೋಡಲಾರದೆ ಗೋಡೆಯ ಕಡೆ ತಿರುಗಿದಳು. ಈಗ ಬೈಯುತ್ತಾನೆ, ಈಗ ಕೇಳುತ್ತಾನೆ.

ಅವನು ನಗುತ್ತಿದ್ದ.

"ಸಿಕ್ತು ಕಣ್ರಮ್ಮಾರೆ! ನಾನ್ ಕಳ್ದಿರ್ಲಿಲ್ಲ ಕಣ್ರೀ!" ಅವನು ಪುಸ್ತಕವನ್ನು ಎತ್ತಿ ಹಿಡಿದ. "ಮನೆ ಸೂರೆಲ್ಲಾ ಕಿತ್ತು ನೋಡಿದ್ದೆ. ನಿಮ್ಮನೆಯಿಂದ ಲೈಬ್ರರಿ ಗಂಟ ಬೇಲಿ ಬೇಲಿ ತಡಕಿದ್ದೆ. ನನ್ನೆಂಡ್ರು ಓಬಮ್ಮ, ಕುಡ್ದು ಎಲ್ಲಿ ಬುಟ್ಟೆ ನಿಜ ಹೇಳು ಅಂತ ಮಗೀನ್ ತಲೆ ಮ್ಯಾಲೆ ಕೈ ಇಡಿಸುದ್ಲು. ಕೈ ಇಟ್ಟು ನಡುಗೋದೆ ಕಣ್ರಮ್ಮ, ಯಾಕಂದ್ರೆ ನಂಗೇ ಗೊತ್ತಿಲ್ವಲ್ಲ! ನನ್ ತಲೆ ಕೆಟ್ಟೈತೆ ಅಂತ್ಲೇ ಅಂದ್ಕಂಡಿದ್ದೆ."

ಲಕ್ಷ್ಮಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಬೆಟ್ಟಸ್ವಾಮಿ ಪುಸ್ತಕವನ್ನೊಮ್ಮೆ ಹೆಂಡತಿಯನ್ನೊಮ್ಮೆ ನೋಡಿದ. ದ್ರಾಕ್ಷಾಯಣಮ್ಮ, "ಅದೇ ಮೀನಿನ್ ಪುಸ್ತಕ ಅಲ್ವೇನೇ?" ಅಂದಳು.

ಎಲ್ಲರ ಮುಖ ನೋಡಿ ದುರ್ಗಯ್ಯನಿಗೇ ಕಸಿವಿಸಿಯಾಯಿತು. ಅವನು ಸರ್ವಮಂಗಳಳ ಕಡೆಗೆ ತಿರುಗಿ ಸಮಾಧಾನ ಹೇಳುವವನಂತೆ, "ಹೋಗ್ಲಿ ಬುಡಿ ಅಮ್ಮಾರೆ, ಮನೆ ಕೆಲ್ಸದಾಗೆ ನೀವೂ ಮರ್ತಿರ್ತೀರ. ಮನ್ಸ ಅಂದ್ಮ್ಯಾಲೆ ಮರೀತಾನೆ" ಅಂದ.

"ಹೂಂ, ಮರ್ತಿರ್ತಾಳೆ" ಅಂತ ಬೆಟ್ಟಸ್ವಾಮಿ ತಟ್ಟನೆ ಹಿಡಿದುಕೊಂಡ. "ಕೊಡಿಲ್ಲಿ, ನಾನೇ ಕೊಟ್ಟು ಹೇಳ್ತೀನಿ."

ಸರ್ವಮಂಗಳ ಹೂಂ ಅಂದುಬಿಟ್ಟಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಅವಳ ನಾಲಿಗೆಯ ತುದಿಗೆ ಆ ಹೂಂ ಬಂದೂ ಇತ್ತು. ಆದರೆ ಮಗುವಿನ ತಲೆಯ ಮೇಲೆ ಇಟ್ಟು ನಡುಗಿದ ಆ ಕೈ ಅವಳೆದುರಿಗೇ ಪುಸ್ತಕ ಹಿಡಿದುಕೊಂಡಿತ್ತು.

"ಮರ್ತಿರ್ಲಿಲ್ಲ ದುರ್ಗಯ್ಯ" ಅಂದಳು. "ಅಟ್ಟದ ಮೇಲಿದೆ ಅಂತ ಅವತ್ತೂ ಗೊತ್ತಿತ್ತು. ಗೊತ್ತಿದ್ದೇ ನಿನ್ನ ಕೇಳ್ದೆ, ಮರ್ತ್ಯಾ ಅಂತ."

"ಮಂಗಳಾ, ಒಳಗೆ ಹೋಗು" ಅಂದ ಬೆಟ್ಟಸ್ವಾಮಿ ಹಲ್ಲು ಕಚ್ಚಿ. ಅವಳು ಹೋಗಲಿಲ್ಲ.

ದುರ್ಗಯ್ಯನ ಮುಖದ ಮೇಲೆ ಆ ನಗು ಇನ್ನೂ ಸ್ವಲ್ಪ ಹೊತ್ತು ಇತ್ತು. ಆಮೇಲೆ ಹೋಯಿತು. ತಲೆಯ ಟವೆಲು ಬಿಚ್ಚಿ ಪುಸ್ತಕದ ಪುಡಿಯನ್ನು ಒರೆಸಿದ, ಆ ಕಡೆ, ಈ ಕಡೆ, ಬೆನ್ನಿನ ಮೇಲೆ. ಬೆಟ್ಟಸ್ವಾಮಿ ಚಾಚಿದ ಕೈಗೆ ಅದನ್ನು ಕೊಡಲಿಲ್ಲ. ಅದೇ ಟವೆಲಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡ.

"ಯಜಮಾನ್ರೆ, ವಸಿ ಮನೆ ತಾವ ಹೋಗ್ತೀನಿ. ಓಬಮ್ಮಂಗೆ ತೋರುಸ್ಬೇಕು."

ಸರ್ವಮಂಗಳ ಎದುರಿಗಿಟ್ಟಿದ್ದ ಮಜ್ಜಿಗೆಯ ಲೋಟವನ್ನು ದಾಟಿಕೊಂಡು ಅವನು ಅಂಗಳದ ಬಾಗಿಲಿಗೆ ಹೋದ. ಅಲ್ಲಿ ನಿಂತು, ಅವಳ ಮುಖ ನೋಡದೆ ಹೇಳಿದ:

"ಲೈಬ್ರರಿ ಹೊತ್ತಿಳುದ್ಮ್ಯಾಲೆ ಮತ್ತೆ ತೆಗೀತಾರೆ, ಅಮ್ಮಾರೆ. ನೀವ್ ಬರೋಗಂಟ ನಾನು ಪುಸ್ತಕ ತಕಂಡು ಬಾಗಿಲ ತಾವ ನಿಂತಿರ್ತೀನಿ."

ಅವನು ತೋಟದ ಬದುವಿನ ಮೇಲೆ ಸಣ್ಣಗಾಗುವ ತನಕ ಎಲ್ಲರೂ ನೋಡಿದರು. ಮೊದಲು ಲಕ್ಷ್ಮಕ್ಕ ಎದ್ದಳು, ಸೆರಗು ಕೊಡವಿಕೊಂಡು ತನ್ನ ಮನೆಗೆ ಹೋದಳು. ಬೆಟ್ಟಸ್ವಾಮಿ ತಿಪಟೂರಿನ ಸಂತೆಗೆ ಕೊಬ್ಬರಿ ಹೋಗಬೇಕು, ಅಟ್ಟ ಅರ್ಧಕ್ಕೆ ನಿಂತಿತು ಅಂತ ಯಾರಿಗೋ ಬೈದು ಹೊರಗೆ ನಡೆದ.

ಹೊತ್ತಿಳಿಯುವುದರೊಳಗೆ ಉಳಿದದ್ದನ್ನು ಮುಗಿಸಬೇಕು ಅಂತ ಸರ್ವಮಂಗಳ ಸೀರೆ ಎತ್ತಿ ಕಟ್ಟಿ ಏಣಿ ಹತ್ತಿದಳು. "ಬಿದ್ದೀಯ ಕಣೇ" ಅಂದಳು ಅತ್ತೆ, ಆದರೆ ಏಣಿಯನ್ನು ಕೆಳಗಿನಿಂದ ಹಿಡಿದುಕೊಂಡಳು.

ಮೂಲೆಯಲ್ಲಿ ಇನ್ನು ಕೆಲವು ಕಾಯಿ ಉಳಿದಿದ್ದವು. ಹಲಗೆಯ ಮೇಲೆಲ್ಲ ವರ್ಷದ ಧೂಳು ಕೂತಿತ್ತು. ಗಾಜಿನ ಹೆಂಚಿನ ಕೆಳಗೆ ಮಾತ್ರ ಪುಸ್ತಕದಷ್ಟು ಅಗಲದ ಜಾಗ ಶುಭ್ರವಾಗಿತ್ತು. ಬಿಸಿಲಿನ ತುಂಡು ಆಗಲೇ ಅದನ್ನು ದಾಟಿ ಗೋಡೆಯ ಕಡೆಗೆ ಸರಿದಿತ್ತು. ಅವಳು ಆ ಜಾಗವನ್ನು ತುಳಿಯದ ಹಾಗೆ ಕಾಲು ಪಕ್ಕಕ್ಕಿಟ್ಟು ಕೂತು, ಒಂದು ಕಾಯಿಯನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ಕೇಳಿ, ಕೆಳಗೆ ಬಿಟ್ಟಳು.