ಹತ್ತೊಂಬತ್ತನೇ ಪುಟ

ನನ್ನ ಗಂಡ ಹೋದ ಮೊದಲ ವಾರದಲ್ಲೇ ಅವನ ಕಾಮಿಕ್ಸ್ ಗೆಳೆಯರು ಒಬ್ಬೊಬ್ಬರಾಗಿ ಬಂದರು. ಎಲ್ಲರೂ ನನ್ನ ಎದುರು ಕೂತು, "ಇಷ್ಟು ಬೇಗ ಹೋಗಬಾರದಿತ್ತು" ಎಂದರು. ಬಾಯಿ ನನ್ನ ಕಡೆ ಇತ್ತು, ಕಣ್ಣು ನನ್ನ ಹಿಂದಿನ ಕಪಾಟಿನ ಕಡೆ. ಔಷಧಿ ಅಂಗಡಿಯವರು ಕಣ್ಣೊರೆಸಿಕೊಳ್ಳುತ್ತಲೇ ಒಂದು ಇಡೀ ಸಾಲಿನ ಹೆಸರುಗಳನ್ನು ಓದಿ ಮುಗಿಸಿದರು. ತೆರಿಗೆ ಕಚೇರಿಯ ಗುಮಾಸ್ತರು ಹೊರಡುವಾಗ, "ನಲವತ್ತೊಂದನೇ ಸಂಚಿಕೆ ನನಗೇ ಕೊಡ್ತೀನಿ ಅಂದಿದ್ರು, ಪಾಪ" ಎಂದರು. ಪಾಪ ಯಾರೆಂದು ಹೇಳಲಿಲ್ಲ.

"ಹದ್ದುಗಳು," ಎಂದರು ಅತ್ತೆ, ಬಾಗಿಲು ಹಾಕಿಕೊಂಡು. "ಹದ್ದುಗಳೇ ವಾಸಿ. ಎರಡೆರಡು ಸಲ ಚಹಾ ಕೇಳಲ್ಲ."

ನಾನು ಯಾರಿಗೂ ಏನೂ ಕೊಡಲಿಲ್ಲ. ಪಟ್ಟಿ ಆಗದೆ ಒಂದು ಪುಸ್ತಕವೂ ಹೊರಗೆ ಹೋಗಬಾರದು ಎಂದು ವಿಶ್ವವಿದ್ಯಾಲಯದಲ್ಲಿ ನನಗೆ ಎರಡು ವರ್ಷ ಕಲಿಸಿದ್ದಾರೆ. ಕಾಲೇಜಿನ ಗ್ರಂಥಾಲಯದಲ್ಲಿ ನನ್ನ ಕೆಲಸವೂ ಅದೇ. ದಿನಾ ಸಂಜೆ ಬಂದು ಅವನ ಕೋಣೆಯಲ್ಲಿ ಕೂತು ಬರೆದೆ: ಹೆಸರು, ಸಂಚಿಕೆ, ವರ್ಷ, ಸ್ಥಿತಿ. ಸಾಹಸದ ಚಿತ್ರಕಥೆಗಳು, ಪತ್ತೇದಾರಿ ಮಾಸಿಕಗಳು, ಒಟ್ಟು ಎರಡು ಸಾವಿರದ ನೂರ ಹದಿನಾರು. ಪ್ರತಿ ಮುಖಪುಟದಲ್ಲೂ ಯಾರೋ ಎಲ್ಲಿಂದಲೋ ಬೀಳುತ್ತಿದ್ದರು. ನಾನು ಒಂದನ್ನೂ ಓದಲಿಲ್ಲ. ಪಟ್ಟಿ ಮಾಡುವವರು ಓದುವುದಿಲ್ಲ.

ಏಳು ತಿಂಗಳು ಹಾಗೆ ಕಳೆಯಿತು. ಅವನ ಫೋಟೋಗೆ ಚೌಕಟ್ಟು ಹಾಕಿಸಿ ತಂದದ್ದು, ಸುತ್ತಿದ ಕಾಗದವನ್ನೂ ಬಿಚ್ಚದೆ, ಕಪಾಟಿನ ಪಕ್ಕ ಗೋಡೆಗೆ ಒರಗಿ ನಿಂತಿತ್ತು. ಅತ್ತೆ ಕೇಳಿದಾಗಲೆಲ್ಲ "ಮೊಳೆ ಇಲ್ಲ" ಎನ್ನುತ್ತಿದ್ದೆ. ಮನೆಯಲ್ಲಿ ಮೊಳೆ ಇಲ್ಲದ್ದು ನಿಜವೇ.

ಪಟ್ಟಿ ಮುಗಿಯುವ ಹೊತ್ತಿಗೆ ಮಂಚದ ಕೆಳಗೆ ಒಂದು ರಟ್ಟಿನ ಪೆಟ್ಟಿಗೆ ಸಿಕ್ಕಿತು. ಮೇಲೆ ಅವನ ಅಕ್ಷರದಲ್ಲಿ "ತಲೆ ಇಲ್ಲದವು" ಎಂದಿತ್ತು. ಮುಖಪುಟ ಹರಿದುಹೋದ ನಲವತ್ತು ಸಂಚಿಕೆಗಳು. ಹೆಸರಿಲ್ಲ, ವರ್ಷವಿಲ್ಲ. ಗ್ರಂಥಾಲಯದಲ್ಲಿ ಇಂಥವನ್ನು ವಿಲೇವಾರಿ ಮಾಡುತ್ತೇವೆ. ನಾನು ಹೇಳಿದಂತೆ ಅತ್ತೆ ರದ್ದಿಯವನಿಗೆ ತೂಗಿಸಿ ಕೊಟ್ಟರು.

ಅದಾಗಿ ಮೂರು ವಾರಕ್ಕೆ, ಒಂದು ಭಾನುವಾರ ಬೆಳಿಗ್ಗೆ, ಭೂತಗನ್ನಡಿ ಬಂದರು.

ಕಾಮಿಕ್ಸ್ ಗುಂಪಿನವರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದರು. ಕೈಗಡಿಯಾರ ರಿಪೇರಿ ಮಾಡುತ್ತಿದ್ದವರು. ಅಂಗಡಿ ಮುಚ್ಚಿ ಹತ್ತು ವರ್ಷವಾದರೂ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಆ ಮಸೂರವನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೇ ತಿರುಗುವವರು.

"ಮೊದಲೇ ಬರಬೇಕಿತ್ತು ಅಮ್ಮ," ಎಂದರು. "ಬಂದ್ರೆ ಪುಸ್ತಕಕ್ಕೆ ಬಂದ ಅಂತೀರಿ. ಈಗಲೂ ಪುಸ್ತಕಕ್ಕೇ ಬಂದಿದ್ದೀನಿ, ಅದು ಬೇರೆ ಮಾತು."

ಅತ್ತೆಗೆ ಇದು ಹಿಡಿಸಿತು. ಕೇಳುವ ಮೊದಲೇ ಚಹಾ ತಂದರು.

ಅವರು ಹೇಳಿದ್ದು ಇಷ್ಟು. ಎಂಟು ವರ್ಷದವರಿದ್ದಾಗ ಅವರ ಹತ್ತಿರ 'ಬಿರುಗಾಳಿ ಕ್ಯಾಪ್ಟನ್' ಏಳನೇ ಸಂಚಿಕೆ ಇತ್ತು. ಅಪ್ಪ ಒಂದು ದಿನ ರದ್ದಿಗೆ ಹಾಕಿದರು. ಅಂದಿನಿಂದ ಹುಡುಕುತ್ತಿದ್ದಾರೆ. ಬೇರೆ ಪ್ರತಿ ಅಲ್ಲ, ಅದೇ ಪ್ರತಿ. ನನ್ನ ಗಂಡ ಅದನ್ನು ಹಳೇ ಪುಸ್ತಕದ ರಾಶಿಯೊಂದರಲ್ಲಿ ಕಂಡು, ಒಂದು ಬುಧವಾರ ಫೋನ್ ಮಾಡಿ, "ಸಿಕ್ತು ಸಾರ್, ನಿಮ್ಮದೇ. ಭಾನುವಾರ ಬನ್ನಿ" ಎಂದಿದ್ದ. ಶುಕ್ರವಾರ ಹೋದ.

ಪಟ್ಟಿ ನೋಡಿದೆ. ಬಿರುಗಾಳಿ ಕ್ಯಾಪ್ಟನ್, ಸಂಚಿಕೆ ಏಳು, ಹನ್ನೊಂದು ಪ್ರತಿ. ಎಲ್ಲವನ್ನೂ ಮೇಜಿನ ಮೇಲೆ ಹರಡಿದೆ. ಅವರು ಒಂದೊಂದರಲ್ಲೂ ಹತ್ತೊಂಬತ್ತನೇ ಪುಟ ಮಾತ್ರ ತೆಗೆದು, ನೋಡಿ, ಮುಚ್ಚಿಟ್ಟರು.

"ಇದ್ಯಾವುದೂ ಅಲ್ಲ. ನನ್ನದಕ್ಕೆ ಮುಖಪುಟ ಇರಲಿಲ್ಲ. ಯಾರಾದ್ರೂ ಬೇರೆ ಅಂಟಿಸಿರಬಹುದು ಅಂತ ನೋಡಿದೆ."

ಅತ್ತೆ ನನ್ನನ್ನು ನೋಡಿದರು. ನಾನು ಮಂಚದ ಕೆಳಗಿನ ಖಾಲಿ ಜಾಗವನ್ನು ನೋಡಿದೆ.

"ಆ ಪುಟದಲ್ಲಿ ಏನಿತ್ತು?" ಎಂದು ಕೇಳಿದೆ.

ಅವರು ಚಹಾದ ಲೋಟವನ್ನು ಎರಡು ಸಲ ತಿರುಗಿಸಿದರು. "ಕ್ಯಾಪ್ಟನ್ ಸಮುದ್ರಕ್ಕೆ ಬೀಳ್ತಾನೆ. ಶಾರ್ಕ್ ಇದೆ. ನೀರ ಮೇಲೆ ಕೈ ಒಂದೇ ಕಾಣುತ್ತೆ. ನಾನು ಅಲ್ಲಿಗೆ ಬಂದು ಪುಸ್ತಕ ಮುಚ್ಚಿ ಅಳ್ತಿದ್ದೆ. ಪ್ರತಿ ಸಲ. ಅದಕ್ಕೆ ನಮ್ಮಕ್ಕ ಪುಟದ ಕೆಳಗೆ ನನಗೆ ಅಂತ ಒಂದೆರಡು ಸಾಲು ಬರೆದಿಟ್ಟಿದ್ದಳು. ಪೆನ್ಸಿಲಲ್ಲಿ."

"ಅಕ್ಕ ಈಗ..."

"ಮೂವತ್ತು ವರ್ಷ ಆಯ್ತು. ಅವಳ ಕೈಬರಹ ಅಂತ ನನ್ನ ಹತ್ತಿರ ಏನೂ ಇಲ್ಲ. ಒಂದೇ ಮನೇಲಿದ್ದೋರು, ಕಾಗದ ಯಾಕೆ ಬರೀತಾರೆ?"

"ಏಳು," ಎಂದರು ಅತ್ತೆ ನನಗೆ. "ಚಪ್ಪಲಿ ಹಾಕ್ಕೋ."

ರದ್ದಿಯವನು ಹಳೇ ಪತ್ರಿಕೆಗಳ ಗುಡ್ಡದ ಮೇಲೆ ರಾಜನಂತೆ ಕೂತಿದ್ದ. "ಆ ಸಣ್ಣ ಪುಸ್ತಕಗಳಾ? ಹಾರ್ಡ್‌ವೇರ್ ಅಂಗಡಿಯಮ್ಮ ತಗೊಂಡು ಹೋದ್ರು. ಮೊಳೆ ಕಟ್ಟೋಕೆ ಹೇಳಿ ಮಾಡಿಸಿದ ಅಳತೆ."

ಹಾರ್ಡ್‌ವೇರ್ ಅಂಗಡಿ ಮುಂದಿನ ತಿರುವಿನಲ್ಲೇ ಇತ್ತು. ನಾವು ಹೋದಾಗ ಅಂಗಡಿಯಮ್ಮ ತಕ್ಕಡಿಯ ಹಿಂದೆ ಕೂತು, ಒಂದು ಹರಿದ ಹಾಳೆಯನ್ನು ಕೈಯಳತೆಯಲ್ಲಿ ಹಿಡಿದು ಓದುತ್ತಿದ್ದರು. ಎದುರಿಗಿದ್ದ ಗಿರಾಕಿ ನಲ್ಲಿಯ ವಾಷರ್‌ಗಾಗಿ ಕಾಯುತ್ತಿದ್ದ. ಓದು ಮುಗಿದ ಮೇಲೆ ಅದೇ ಹಾಳೆಯಲ್ಲಿ ವಾಷರ್ ಸುತ್ತಿ ಅವನಿಗೆ ಕೊಟ್ಟರು.

"ಆ ಹಾಳೆ!" ಎಂದರು ಭೂತಗನ್ನಡಿ.

ಗಿರಾಕಿ ಪೊಟ್ಟಣವನ್ನು ಎದೆಗೆ ಒತ್ತಿಕೊಂಡ. ಅತ್ತೆ ಅವನಿಗೆ ಸಮಾಧಾನ ಹೇಳಿ, ಬಿಚ್ಚಿಸಿ, ನೋಡಿ, ತಮ್ಮ ಕರವಸ್ತ್ರದಲ್ಲಿ ವಾಷರ್ ಕಟ್ಟಿಕೊಟ್ಟು ಕಳಿಸಿದರು. ಹಾಳೆಯಲ್ಲಿ ಇದ್ದದ್ದು ಒಂದು ಒಂಟೆ.

ಮೇಜಿನ ಕೆಳಗೆ ಇನ್ನೂ ಹರಿಯದ ಪುಸ್ತಕಗಳ ಕಟ್ಟು ಇತ್ತು. ಎಣಿಸಿದರೆ ಇಪ್ಪತ್ತೊಂಬತ್ತು. ಏಳನೇ ಸಂಚಿಕೆ ಅದರಲ್ಲಿ ಇರಲಿಲ್ಲ. ಉಳಿದ ಹನ್ನೊಂದು ಆಗಲೇ ಪೊಟ್ಟಣಗಳಾಗಿದ್ದವು. ಗೋಡೆಯ ಮೇಲೆ ಸಾಲಾಗಿ ಡಬ್ಬಗಳು: ಅರ್ಧ ಇಂಚು, ಒಂದು, ಒಂದೂವರೆ, ಎರಡು, ಮೂರು. ಪ್ರತಿ ಡಬ್ಬದ ತುಂಬ ನೂರು ನೂರು ಗ್ರಾಮಿನ ಪೊಟ್ಟಣಗಳು, ಬಾಯಿಗೆ ಅಂಟು ಹಚ್ಚಿ ಮುಚ್ಚಿದವು.

"ಬಿರುಗಾಳಿ ಕ್ಯಾಪ್ಟನ್, ಸಂಚಿಕೆ ಏಳು, ಪುಟ ಹತ್ತೊಂಬತ್ತು ಬೇಕು," ಎಂದೆ ನಾನು.

ಅಂಗಡಿಯಮ್ಮ ಕನ್ನಡಕದ ಮೇಲಿಂದ ನೋಡಿದರು. "ಇಲ್ಲಿ ಅರ್ಧ ಇಂಚಿನ ಮೊಳೆ ಇದೆ, ಒಂದು ಇಂಚಿನ ಮೊಳೆ ಇದೆ. ಹತ್ತೊಂಬತ್ತನೇ ಪುಟ ಅಂತ ಸೈಜಿಲ್ಲ."

"ಪೊಟ್ಟಣ ಬಿಚ್ಚಿ ನೋಡಬಹುದಾ?"

"ಬಿಚ್ಚಿದ್ದು ನಿಮ್ಮದು. ಮತ್ತೆ ತೂಗಿ, ಕಟ್ಟಿ, ಅಂಟು ಹಚ್ಚೋಕೆ ನನಗೆ ಇನ್ನೊಂದು ಜನ್ಮ ಬೇಕು."

ಬಿಚ್ಚಿದೆವು. ಭೂತಗನ್ನಡಿ ಮೊದಲು ಮಸೂರವನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಪೊಟ್ಟಣದ ಹೊರಮೈ ಪರೀಕ್ಷಿಸುವರು. "ನೀಲಿ ಕಾಣುತ್ತೆ. ಸಮುದ್ರ." ನಾನು ಬಿಚ್ಚುವೆ. ಸಮುದ್ರವಲ್ಲ, ಪೊಲೀಸಿನವನ ಕೋಟು. "ಇದು ಖಂಡಿತ ಅಲೆ." ಅಲೆಯಲ್ಲ, ಯಾರದೋ ಗುಂಗುರು ಕೂದಲು. ಒಂದು ಇಂಚಿನ ಡಬ್ಬದಲ್ಲಿ ಏಳನೇ ಸಂಚಿಕೆಯ ಮೂರನೇ ಪುಟ ಸಿಕ್ಕಿತು. ಎರಡು ಇಂಚಿನದರಲ್ಲಿ ಇಪ್ಪತ್ಮೂರನೇ ಪುಟ. ಮೊಳೆಗಳನ್ನು ಅತ್ತೆಯ ಚೀಲಕ್ಕೆ ಸುರಿಯುತ್ತ ಹೋದೆವು. ಅತ್ತೆ ಸ್ಟೂಲಿನ ಮೇಲೆ ಕೂತು ಅಂಗಡಿಯಮ್ಮನ ಜೊತೆ ಮೊಣಕಾಲು ನೋವಿನ ಬಗ್ಗೆ ಮಾತಾಡುತ್ತಿದ್ದರು.

ಮೂವತ್ತು ಪೊಟ್ಟಣ ಆದ ಮೇಲೆ ಭೂತಗನ್ನಡಿ ಮಸೂರ ತೆಗೆದು ಜೇಬಿಗೆ ಹಾಕಿಕೊಂಡರು. ಕಣ್ಣಿನ ಸುತ್ತ ಕೆಂಪು ಉಂಗುರ ಬಿದ್ದಿತ್ತು.

"ಸಾಕು ಬಿಡಿ ಅಮ್ಮ. ಮೂರು ವಾರದಲ್ಲಿ ಎಷ್ಟು ಜನ ಮೊಳೆ ತಗೊಂಡು ಹೋಗಿರ್ತಾರೋ. ಯಾವುದೋ ಮನೆಯ ಕಸದ ಬುಟ್ಟಿ ಸೇರಿರುತ್ತೆ."

"ಇನ್ನೊಂದು ಡಬ್ಬ," ಎಂದೆ.

"ಬೇಡಮ್ಮ."

"ನಾನೇ ಕಳಿಸಿದ್ದು ಸಾರ್. ತೆಗೆದು ಕೂಡ ನೋಡಲಿಲ್ಲ." ನನ್ನ ದನಿ ಏರಿತ್ತು. ಅದನ್ನು ಕೇಳಿ ಬಹಳ ದಿನವಾಗಿತ್ತು. "ಮುಖಪುಟ ಇಲ್ಲ ಅಂತ ಕಳಿಸಿದೆ. ಒಳಗೆ ಅಕ್ಕ ತಮ್ಮನಿಗೆ ಬರೆದ ಸಾಲಿತ್ತು."

ಅಂಗಡಿಯಮ್ಮ ಮೊಣಕಾಲು ಉಜ್ಜುವುದನ್ನು ನಿಲ್ಲಿಸಿದರು. "ಯಾವ ಸಾಲು?"

ನಾನು ಭೂತಗನ್ನಡಿಯವರನ್ನು ನೋಡಿದೆ. ಅವರು ನಾಚಿಕೆಯಿಂದ ತಕ್ಕಡಿಯನ್ನು ನೋಡುತ್ತಿದ್ದರು.

"ಪುಟ್ಟಾ ಅಂತ ಶುರುವಾಗುತ್ತೆ," ಎಂದರು ಕೊನೆಗೆ.

"ಊಟಕ್ಕೆ ಬಾ ಅಂತ ಮುಗಿಯುತ್ತಾ?"

ಭೂತಗನ್ನಡಿ ತಟ್ಟನೆ ತಲೆ ಎತ್ತಿದರು.

"ಅಯ್ಯೋ ನನ್ನಪ್ಪಾ! ಅದನ್ನ ಮೊದಲೇ ಹೇಳಬಾರದಾ? ಸಂಚಿಕೆ ಏಳು, ಪುಟ ಹತ್ತೊಂಬತ್ತು ಅಂತ ಲಾಯರ್ ಥರ ಕೇಳಿದ್ರೆ ನನಗೇನು ಗೊತ್ತಾಗುತ್ತೆ? ಪುಟ್ಟ ಅನ್ನಿ! ಅದನ್ನ ಓದಿ ನಗು ಬಂದು ನಮ್ಮ ಮನೆಯವರಿಗೂ ತೋರಿಸಿದ್ದೆ. ಮೊನ್ನೆಯಷ್ಟೇ ಕಟ್ಟಿದ್ದು. ಮೂರು ಇಂಚು."

ಮೂರು ಇಂಚಿನ ಡಬ್ಬದಲ್ಲಿ ಒಂಬತ್ತು ಪೊಟ್ಟಣಗಳಿದ್ದವು. ಐದನೆಯದರಲ್ಲಿ ಸಿಕ್ಕಿತು.

ಹಾಳೆಗೆ ಎಣ್ಣೆ ಹಿಡಿದಿತ್ತು. ಶಾರ್ಕಿನ ಹೊಟ್ಟೆಯಲ್ಲಿ ಒಂದು ಮೊಳೆಯ ತೂತು. ಔಷಧಿ ಅಂಗಡಿಯವರು ನೋಡಿದ್ದರೆ ನಿಜವಾಗಿ ಕಣ್ಣೀರು ಹಾಕುತ್ತಿದ್ದರು. ಅಲೆಯ ಮೇಲೆ ಒಂದು ಕೈ, ಐದು ಬೆರಳು. ಕೆಳಗಿನ ಅಂಚಿನಲ್ಲಿ, ಪೆನ್ಸಿಲಿನಲ್ಲಿ, ದುಂಡಗಿನ ಅಕ್ಷರಗಳು:

"ಪುಟ್ಟಾ, ಹೆದರಬೇಡ. ಮುಂದಿನ ಪುಟದಲ್ಲಿ ಬದುಕಿದ್ದಾನೆ. ಅಳೋದು ಬಿಟ್ಟು ಊಟಕ್ಕೆ ಬಾ."

ಭೂತಗನ್ನಡಿ ಮಸೂರವನ್ನು ಮತ್ತೆ ಕಣ್ಣಿಗೆ ಸಿಕ್ಕಿಸಿಕೊಂಡರು. ಅಕ್ಷರಗಳು ದೊಡ್ಡವೇ ಇದ್ದವು. ತುಂಬ ಹೊತ್ತು ತೆಗೆಯಲಿಲ್ಲ.

"ಇನ್ನೊಂದು ಕಡೆ ಏನಿದೆ ನೋಡಿ," ಎಂದರು ಅಂಗಡಿಯಮ್ಮ. "ಅವತ್ತು ಗಿರಾಕಿ ಬಂದು ತಿರುವಿ ನೋಡೋಕೇ ಆಗಲಿಲ್ಲ ನನಗೆ."

ಭೂತಗನ್ನಡಿಯವರ ಕೈಯಿಂದ ಹಾಳೆಯನ್ನು ತೆಗೆದುಕೊಂಡು ನಾನೇ ತಿರುವಿದೆ. ನಿಜ. ಕ್ಯಾಪ್ಟನ್ ಬದುಕಿದ್ದ. ಒಂದು ಹಲಗೆಯ ಮೇಲೆ ಕೂತು ಟೋಪಿಯಿಂದ ನೀರು ಹಿಂಡುತ್ತಿದ್ದ.

ಸ್ವಲ್ಪ ಹೊತ್ತು ಹಾಗೇ ನೋಡಿದೆ. ಆಮೇಲೆ ಹಾಳೆಯನ್ನು ಅವರಿಗೆ ಕೊಟ್ಟೆ.

ನಮ್ಮ ಮನೆಯ ಬಾಗಿಲ ಬಳಿ ಬೀಳ್ಕೊಡುವಾಗ ಭೂತಗನ್ನಡಿ, "ಬರೀ ಒಂದು ಹಾಳೆ ಸಿಕ್ಕರೆ ಸಾಕಿತ್ತು. ಉಳಿದ ಪುಟಗಳನ್ನ ಏನು ಮಾಡಲಿ?" ಎಂದರು.

"ಅಂಗಡಿಯಮ್ಮನಿಗೆ ಕೊಡಿ," ಎಂದರು ಅತ್ತೆ. "ಪಾಪ, ಕ್ಯಾಪ್ಟನ್ ಬಿದ್ದದ್ದು ಓದಿದ್ದಾರೆ, ಮದುವೆಯಾದದ್ದು ಓದಿದ್ದಾರಂತೆ. ಮಧ್ಯದ್ದು ಗೊತ್ತಿಲ್ಲ."

ನಾನು ಒಳಗೆ ಹೋಗಿ ಹನ್ನೊಂದು ಪ್ರತಿಗಳಲ್ಲಿ ಒಂದನ್ನು ತಂದುಕೊಟ್ಟೆ. "ಇದನ್ನೇ ಕೊಡಿ ಸಾರ್, ಪೂರ್ತಿ ಇದೆ." ಪಟ್ಟಿಯಲ್ಲಿದ್ದವುಗಳಲ್ಲಿ ಹೊರಗೆ ಹೋದ ಮೊದಲ ಪುಸ್ತಕ ಅದು. ಪಟ್ಟಿಯಲ್ಲಿ ಹನ್ನೊಂದನ್ನು ಹೊಡೆದು ಹತ್ತು ಎಂದು ಬರೆದೆ. ಬರೆದ ಮೇಲೆ ಇನ್ನೊಂದನ್ನು ನನಗೆ ಅಂತ ತೆಗೆದು ದಿಂಬಿನ ಪಕ್ಕ ಇಟ್ಟೆ.

ಅತ್ತೆ ಚೀಲವನ್ನು ಮೇಜಿನ ಮೇಲೆ ದಬ್ಬೆಂದು ಇಟ್ಟರು. ಮೂರೂವರೆ ಕಿಲೋ ಮೊಳೆ.

"ಇನ್ನು ಮೊಳೆ ಇಲ್ಲ ಅನ್ನೋ ಹಾಗಿಲ್ಲ," ಎಂದರು.

"ಸುತ್ತಿಗೆ ಇಲ್ಲ ಅತ್ತೆ."

ಅತ್ತೆ ಚೀಲದೊಳಗೆ ಕೈ ಹಾಕಿ, ಮೊಳೆಗಳ ಅಡಿಯಿಂದ, ಹೊಚ್ಚ ಹೊಸ ಸುತ್ತಿಗೆ ತೆಗೆದರು. "ನೀವಿಬ್ಬರೂ ಸಮುದ್ರ ಹುಡುಕ್ತಿದ್ದಾಗ ಕೊಂಡೆ. ಚೌಕಾಸಿ ಮಾಡಿ."

ಕಾಗದ ಬಿಚ್ಚಿದೆ. ಫೋಟೋದಲ್ಲಿ ಅವನು ಯಾರನ್ನೋ ಕರೆಯುವ ಹಾಗೆ ಬಾಯಿ ಅರ್ಧ ತೆರೆದಿದ್ದ. ಕಪಾಟಿಗೆ ಎದುರಿನ ಗೋಡೆಗೆ ಮೊಳೆ ಇಟ್ಟು ಹೊಡೆದೆ. ಮೊದಲನೆಯದು ಬಾಗಿತು. ಎರಡನೆಯದೂ ಬಾಗಿತು. ಮೂರನೆಯದು ಗೋಡೆಯ ಸುಣ್ಣ ಉದುರಿಸಿಕೊಂಡು ಬಿತ್ತು. ಮೊಳೆಗೇನೂ ಬರವಿರಲಿಲ್ಲ. ಆರನೆಯದು ನಿಂತಿತು.

ಫೋಟೋ ತೂಗುಹಾಕಿ, ಕುರ್ಚಿಯಿಂದ ಇಳಿದು, ಹಿಂದೆ ಸರಿದು ನೋಡಿದೆ. ಎಡಕ್ಕೆ ವಾಲಿತ್ತು. ಸರಿಮಾಡಲು ಕೈ ಚಾಚಿದೆ.

"ಬಿಡು," ಎಂದರು ಅತ್ತೆ. "ನನ್ನ ಮಗ ಯಾವತ್ತು ನೆಟ್ಟಗೆ ನಿಂತಿದ್ದ?"