ಓಗೊಡದ ಡಿಸ್ಕು

ಮಣಿಕಟ್ಟಿಗೆ ತಣ್ಣನೆ ಗಾಳಿ ಬಡಿಯುತ್ತಿದೆ, ಫ್ಯಾನುಗಳದ್ದು, ಜೇನುಹುಟ್ಟನ್ನೇ ಡಬ್ಬಿಗೆ ತುಂಬಿದ ಹಾಗೆ ಗುಂಯ್ ಅನ್ನುತ್ತಿದೆ ಸರ್ವರ್, ನಿಲ್ಲಿಸುವ ಹಾಗಿಲ್ಲ, ಓಡುತ್ತಿರುವಾಗಲೇ ಡಿಸ್ಕು ಬದಲಿಸಬೇಕು, ಅವಳು ಒಬ್ಬಳೇ ಬಂದ ಮೊದಲ ಕೆಲಸ, ಎದೆಯಲ್ಲಿ ಹೆದರಿಕೆಯೋ ಹಿಗ್ಗೋ ಗೊತ್ತಾಗುತ್ತಿಲ್ಲ, ಆಸ್ಪತ್ರೆಯ ರೋಗಿಗಳೆಲ್ಲ ಈ ಐದು ಡಿಸ್ಕುಗಳಲ್ಲಿದ್ದಾರೆ, ಒಂದು ಸತ್ತಿದೆ, ಉಳಿದ ನಾಲ್ಕು ಹೊರೆ ಹೊರುತ್ತಿವೆ, ಇನ್ನೊಂದು ಕೈಕೊಟ್ಟರೆ ಮುಗಿಯಿತು, ಬ್ಯಾಕಪ್ ಆಗಿ ಮೂರು ತಿಂಗಳಾಗಿದೆಯಂತೆ — ಅಲ್ಲಮ್ಮಾ, ಒಂದು ಡಬ್ಬಿ ಎಳೆಯೋಕೆ ಇಷ್ಟು ಹೊತ್ತಾ, ಫ್ರಿಜ್ಜಿನಿಂದ ಐಸ್ ಟ್ರೇ ನಾನೇ ಎಳೀತೀನಿ, ಬಾಗಿಲಲ್ಲಿ ಚೀಟಿ ಕೌಂಟರಿನ ಅಕ್ಕ, ಎಳೀರಿ ಅಕ್ಕ, ಆಮೇಲೆ ಹೊರಗೆ ಕೂತವರಿಗೆ ಉತ್ತರಾನೂ ನೀವೇ ಹೇಳಿ, ಅಯ್ಯೋ ಬೇಡಪ್ಪ — ಪರದೆ ಹೇಳುತ್ತಿದೆ, ಸತ್ತದ್ದು ನಂಬರ್ ಮೂರು, ಅದರ ಗುರುತಿನ ದೀಪ ಮಿನುಗಿಸಿ ನೋಡೋಣವೆಂದರೆ ಅದೂ ಸತ್ತಿದೆ, ಯಾರೋ ಪುಣ್ಯಾತ್ಮ ಒಂದರಿಂದ ಐದು ಅಂತ ಚೀಟಿ ಅಂಟಿಸಿದ್ದಾನೆ, ಬೆರಳು ಮೂರರ ಚಿಲಕದ ಮೇಲೆ, ಒತ್ತಿದರೆ ಆಯಿತು, ಒತ್ತು, ಒತ್ತಲಿಲ್ಲ, ಅಪ್ಪನೂ ಹೀಗೇ ಒತ್ತಿದ್ದ, ಇದೇ ಕೆಲಸದಲ್ಲಿದ್ದವನು, ಬದುಕಿದ್ದ ಡಿಸ್ಕನ್ನೇ ಎಳೆದು ಮನೆಗೆ ಬಂದು ಶೂ ಕೂಡ ಬಿಚ್ಚದೆ ಕೂತಿದ್ದ, ಏನಾಯ್ತ್ರೀ ಅಂದಳು ಅಮ್ಮ, ಏನಿಲ್ಲ, ತಿಂಗಳುಗಟ್ಟಲೆ ಅದೊಂದೇ ಮಾತು, ಏನಿಲ್ಲ, ಇವಳು ಕೆಲಸಕ್ಕೆ ಸೇರಿದ ದಿನ ಮಾತ್ರ ಬಾಯಿಬಿಟ್ಟ, ಮಗಳೇ, ಸತ್ತವನನ್ನ ಹುಡುಕಬೇಡ, ಬದುಕಿರೋರನ್ನ ಕರಿ, ಓ ಅನ್ನದೇ ಇರೋನು ಯಾರು ನೋಡು — ಬೆರಳು ಹಿಂದಕ್ಕೆ ಬಂತು, ಲ್ಯಾಪ್‌ಟಾಪಿನಲ್ಲಿ ಆಜ್ಞೆ, ಬದುಕಿರುವ ನಾಲ್ಕೂ ಮಿನುಗಲಿ, ಒಂದು ನೀಲಿ, ಎರಡು ನೀಲಿ, ಮೂರು, ಅಯ್ಯೋ, ಮೂರೂ ನೀಲಿ, ಈಗಷ್ಟೇ ಬೆರಳಿದ್ದ ಜಾಗದಲ್ಲಿ, ನಾಲ್ಕು ಕತ್ತಲು, ಐದು ನೀಲಿ, ಯಂತ್ರ ಸೊನ್ನೆಯಿಂದ ಎಣಿಸುತ್ತದೆ, ಚೀಟಿಯವನು ಒಂದರಿಂದ ಎಣಿಸಿದ್ದಾನೆ, ಅದರ ಮೂರು ಇವನ ನಾಲ್ಕು, ಇಷ್ಟೇ, ಅಪ್ಪಾ ಇಷ್ಟೇನಾ, ಮೈ ಜುಮ್ಮೆಂದು ನಗು ಉಕ್ಕಿ ಬರುತ್ತಿದೆ, ನಾಲ್ಕರ ಚಿಲಕ ಒತ್ತಿದಳು, ಒಂದು ಬೆರಳಷ್ಟು ಎಳೆದು ನಿಂತಳು, ಒಳಗಿನ ತಟ್ಟೆ ಸುತ್ತುತ್ತಿದ್ದರೆ ನಿಲ್ಲಲಿ, ಮೂವತ್ತರ ತನಕ ಎಣಿಕೆ, ಪೂರ್ತಿ ಆಚೆಗೆ, ಹೊಸದು ಒಳಕ್ಕೆ, ಟಕ್, ಎಂಥಾ ಸದ್ದು, ಹಸಿರು ದೀಪ ಪಟಪಟ ಬಡಿಯುತ್ತಿದೆ, ಪರದೆಯ ಮೇಲೆ ಶೇಕಡಾ ಒಂದು, ಹಳೆಯವು ಹೊಸದಕ್ಕೆ ಪಾಠ ಹೇಳಿಕೊಡುತ್ತಿವೆ, ಆಯ್ತೇನಮ್ಮಾ, ಶುರುವಾಯ್ತು ಅಕ್ಕ, ಚೀಟಿ ಕೊಡೋದು ನಿಲ್ಲಿಸಬೇಡಿ, ಅಪ್ಪನಿಗೆ ಫೋನ್ ಮಾಡಬೇಕು, ಏನಾಯ್ತು ಮಗಳೇ ಅಂತಾನೆ, ಈ ಸಲ ಏನಿಲ್ಲ ಅನ್ನಬಾರದು, ಎಲ್ಲ ಹೇಳಬೇಕು, ಚೀಟಿ, ಸೊನ್ನೆ, ಐಸ್ ಟ್ರೇ, ಬೆರಳು ಎಲ್ಲಿತ್ತು ಅನ್ನುವುದನ್ನೂ — ಫೋನ್ ಕೈಗೆ ಬಂತು, ಕಣ್ಣು ಮಾತ್ರ ಅಲ್ಲೇ, ಮೂರರ ಚಿಲಕದ ಮೇಲೆ ಬೆವರಿನ ಬೆರಳಚ್ಚು ಇನ್ನೂ ಆರಿಲ್ಲ, ಅದರ ಪಕ್ಕದಲ್ಲೇ ದೀಪ, ನೀಲಿ, ಮೂರು, ಓ, ನೀಲಿ