ಹಗ್ಗಕ್ಕೆ ಕೈ ಹಚ್ಚಿದವರ ಪಾಲು

ಕೇಣಿಯ ದುರ್ಗಾ ನಲವತ್ತು ವರ್ಷ ಮೀನು ಮಾರಿದವಳು. ಬುಟ್ಟಿ ಹತ್ತಿಸುವುದಿಲ್ಲ ಎಂದ ಹಿಲ್ಲೂರು ಬಸ್ಸಿನ ಕಂಡಕ್ಟರನ ಬಾಯನ್ನು ಮೂರೇ ಮಾತಿನಲ್ಲಿ ಮುಚ್ಚಿಸಿದವಳು. ಅಂಥವಳು ಎರಡು ಸಾವಿರದ ಒಂಬತ್ತನೇ ಇಸವಿಯ ಒಂದು ಬೆಳಿಗ್ಗೆ, ಅಂಕೋಲೆಯಲ್ಲಿ ಬಾಂಡ್ ಬರೆಯುವ ದೇವಿದಾಸನ ಎದುರು ಬೆಂಚಿನ ತುದಿಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು. ಮೀನಾದರೆ ಕಿವಿರು ಎತ್ತಿ ನೋಡಬಹುದು. ಓದಲು ಬಾರದವಳು ಕಾಗದದ ಏನನ್ನು ಎತ್ತಿ ನೋಡಬೇಕು?

ಅವಳ ಒಂದು ಬದಿಗೆ ಗಂಡನ ಅಣ್ಣನ ಮಗ ನಿತೇಶ, ಇನ್ನೊಂದು ಬದಿಗೆ ಅವನ ಹೆಂಡತಿ ಪೂರ್ಣಿಮಾ. ದುರ್ಗಾಳಿಗೆ ಸ್ವಂತ ಮಕ್ಕಳಿಲ್ಲ. ತಾಯಿ ಸತ್ತ ನಿತೇಶನನ್ನು ಆರನೇ ವರ್ಷದಿಂದ ಸಾಕಿದವಳು ಅವಳೇ. ಈಗ ಅವನು ಕಾರವಾರದ ಬಂದರಿಗೆ ಐಸ್ ಗಾಡಿ ಓಡಿಸುತ್ತಾನೆ. ದುರ್ಗಾಳ ಮೊಣಕಾಲು ಎರಡೂ ಕೈಕೊಟ್ಟಿವೆ. ಇನ್ನೆರಡು ವರ್ಷಕ್ಕೆ ಎತ್ತಿ ಕೂರಿಸುವವರು ಬೇಕಾಗುತ್ತದೆ ಎಂದು ಕಾರವಾರದ ಡಾಕ್ಟರು ಮುಖಕ್ಕೇ ಹೇಳಿದ್ದರು. ಪಾಯಖಾನೆಯೋ ಹಿತ್ತಿಲ ಕೊನೆಯಲ್ಲಿ, ಕಾಲು ಹೂಳುವ ಹೊಯಿಗೆಯಲ್ಲಿ ಐವತ್ತು ಹೆಜ್ಜೆ ಆಚೆ. ಮನೆಗೆ ಹೊಂದಿಸಿ ಒಂದು ಕೋಣೆ ಕಟ್ಟಿ ಕಮೋಡು ಕೂರಿಸಬೇಕೆಂದರೆ ಬ್ಯಾಂಕಿನ ಸಾಲ ಬೇಕು, ಸಾಲಕ್ಕೆ ದುರ್ಗಾಳ ಹೆಸರಲ್ಲಿದ್ದ ಮನೆ ನಿತೇಶನ ಹೆಸರಿಗೆ ಬರಬೇಕು. ಆದ್ದರಿಂದ ಮನೆಯನ್ನು ಅವನಿಗೆ ದಾನ ಕೊಡುವ ಈ ಬಕ್ಷೀಸು ಪತ್ರ.

ದೇವಿದಾಸ ಬರೆದದ್ದನ್ನು ಓದುತ್ತ ಓದುತ್ತ ನಡುವೆ ನಿಂತ. ಕನ್ನಡಕವನ್ನು ಹಣೆಗೇರಿಸಿದ.

"ಬಾಯೀ, ಇಲ್ಲಿ ಒಂದು ಕರಾರು ಸೇರಸ್ಲಾ? ಸಾಯೂ ತನಕ ನಿಮ್ಗೆ ಅದೇ ಮನೇಲಿ ಜಾಗ, ಅನ್ನ, ಬಟ್ಟೆ, ಔಷಧ, ಚಾಕರಿ. ತಪ್ಪಿದ್ರೆ ಕಾರವಾರದ ಎಸಿ ಸಾಹೇಬ್ರಿಗೆ ಅರ್ಜಿ ಕೊಟ್ಟು ಪತ್ರ ರದ್ದು ಮಾಡ್ಸೂಕೆ ಬತ್ತದೆ. ಹೊಸ ಕಾಯ್ದೆ ಬಂದದೆ. ಆದ್ರೆ ಕರಾರು ಪತ್ರದಲ್ಲೇ ಇರ್ಬೇಕು. ಇಲ್ದಿದ್ರೆ ನಾಳೆ ನಿಮ್ಮ ಕೈಲಿ ಎಂತದೂ ಉಳೂದಿಲ್ಲ. ಹೊಳೆ ದಾಟಿದ್ಮೇಲೆ ಅಂಬಿಗನ ಹಂಗ್ಯಾಕೆ ಅಂಬೋ ಕಾಲ ಇದು."

ದುರ್ಗಾಳ ಬೀಗ ಕಳಚಿತು. "ನಾ ಸಾಕ್ದ ಹುಡುಗ್ನ ಮೇಲೆ ಕರಾರಾ? ಉಂಬೂ ಅನ್ನಕ್ಕೆ ರಶೀದಿ ಬರ್ಸಕಣೂದಾ? ಬೇಡ ದೇವಿದಾಸಣ್ಣ. ನಮ್ಮಲ್ಲಿ ಅದು ಇಲ್ಲ."

ಅಷ್ಟಕ್ಕೇ ಬಿಡಲಿಲ್ಲ. ರಂಪಣಿ ಬಲೆಯ ಕಾಲದ ಮಾತು ತೆಗೆದಳು. ಬಲೆ ದಡಕ್ಕೆ ಎಳೆಯುವಾಗ ಊರಿಗೆ ಊರೇ ಸೇರುತ್ತಿತ್ತು. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಮೀನಿನ ಪಾಲು. ದುರ್ಗಾಳ ಅಜ್ಜಿಗೆ ಕಣ್ಣು ಕಾಣುತ್ತಿರಲಿಲ್ಲ. ಎಂಟು ವರ್ಷದ ದುರ್ಗಾ ಅವಳನ್ನು ದಡಕ್ಕೆ ನಡೆಸಿಕೊಂಡು ಹೋಗಿ, ಕೈ ಹಿಡಿದು ಹಗ್ಗದ ಮೇಲೆ ಇಡುತ್ತಿದ್ದಳು. ಮುದುಕಿ ಎಳೆಯುತ್ತಿದ್ದದ್ದು ಏನೂ ಇಲ್ಲ. ಆದರೂ ಅವಳ ಬುಟ್ಟಿ ಒಂದು ದಿನವೂ ಬರಿದಾಗಿ ಮನೆಗೆ ಬರಲಿಲ್ಲ.

"ಅದಕ್ಕೆ ಯಾರು ಬಾಂಡ್ ಬರ್ದಿದ್ರು, ಹೇಳು?"

ನಿತೇಶ ನೆಲ ನೋಡುತ್ತ ಹೇಳಿದ, "ಕರಾರು ಬರಿಯೂಕೆ ನನ್ನ ಅಡ್ಡಿ ಇಲ್ಲ ಕಾಕಿ. ಆದ್ರೆ ಅದಿದ್ರೆ ಬ್ಯಾಂಕಿನವ್ರು ಸಾಲ ಕೊಡೂದಿಲ್ಲ ಅಂದ್ರೆ?"

"ಅದೇ ನಾನೂ ಹೇಳೂದು," ಎನ್ನುತ್ತ ದುರ್ಗಾ ಶಾಯಿ ಪೆಟ್ಟಿಗೆಗೆ ಕೈ ಚಾಚಿದಳು. ಗೆದ್ದೆ ಎಂದುಕೊಂಡಳು. ಆದರೂ ಈ ಹೆಬ್ಬೆಟ್ಟು ಒತ್ತಿದ ಮೇಲೆ ತಲೆಯ ಮೇಲಿನ ಸೂರು ತನ್ನದಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ಪೂರ್ಣಿಮಾ ಶಾಯಿ ಪೆಟ್ಟಿಗೆಯ ಮೇಲೆ ತನ್ನ ಅಂಗೈ ಇಟ್ಟಳು. ಮದುವೆಯಾಗಿ ಮೂರು ವರ್ಷವಾದರೂ ಮನೆಯಲ್ಲಿ ದನಿ ಎತ್ತಿ ಮಾತಾಡಿದವಳಲ್ಲ.

"ಕರಾರು ಬರೀರಿ," ಎಂದಳು ದೇವಿದಾಸನಿಗೆ.

"ನಿಂಗೆ ಎಂತಾಯ್ತೇ?" ಎಂದಳು ದುರ್ಗಾ.

"ಕದ್ವಾಡದ ನಮ್ಮ ಹೀರಾ ಅತ್ತೆ ಗೊತ್ತಲ ಕಾಕಿ, ಅಪ್ಪನ ಅಕ್ಕ. ಮನೆ ನಮ್ಮಪ್ಪನ ಹೆಸ್ರಿಗೆ ಬರ್ದು ಕೊಟ್ಲು, ಕರಾರು ಗಿರಾರು ಎಂತದೂ ಇಲ್ದೆ. ಮೊದ್ಲ ವರ್ಷ ನನ್ನ ಹೆತ್ತ ಆಯಿ ಅವಳ ತಲೆ ಬಾಚ್ತಿತ್ತು. ಅತ್ತೆ ಹಾಸಿಗೆ ಹಿಡಿದ ಮೂರನೇ ವರ್ಷಕ್ಕೆ ಅವಳ ಚಾಪೆ ಕೊಟ್ಟಿಗೆ ಜಗಲಿಗೆ ಹೋಯ್ತು. ತಟ್ಟೆ ಒಯ್ದು ಇಡ್ತಿದ್ದದ್ದು ನಾನು." ಪೂರ್ಣಿಮಾ ಅಂಗೈಯನ್ನು ಶಾಯಿ ಪೆಟ್ಟಿಗೆಯ ಮೇಲಿಂದ ತೆಗೆಯಲಿಲ್ಲ. "ನಮ್ಮ ಆಯಿ ಕೆಟ್ಟೋಳಲ್ಲ ಕಾಕಿ. ನಂಗಿಂತ ಒಳ್ಳೇಳು. ಅವಳಿಗೆ ದಣ್ದಿತ್ತು, ಅಷ್ಟೇಯ. ಹೀರಾ ಅತ್ತೆಗೆ ಮಾತ್ರ ನಂದೂ ಒಂದು ಮನೆ ಅದೆ ಅಂತ ಹೇಳೂಕೆ ಬಾಯಿ ಇರ್ಲಿಲ್ಲ. ನಾಳೆ ನಂಗೂ ದಣೀತದೆ. ಸಿಟ್ಟು ಬತ್ತದೆ. ಆ ದಿವ್ಸಕ್ಕೆ ಒಂದು ಅಡ್ಡಗೋಡೆ ಇರ್ಲಿ."

"ಬ್ಯಾಂಕು?" ಎಂದ ನಿತೇಶ.

"ಕೊಡದಿದ್ರೆ ಬಿಡ್ಲಿ. ನಮ್ಮ ಹೆಂಗಸ್ರ ಸಂಘದಲ್ಲಿ ನಾನೇ ಸಾಲ ತೆಗೀತೆ. ಈ ವರ್ಷ ಕಮೋಡು, ಗೋಡೆಗೆ ಸಿಮೆಂಟು ಬರೂ ವರ್ಷ." ಆಮೇಲೆ ದುರ್ಗಾಳ ಕಡೆ ತಿರುಗಿದಳು. "ನಿಮ್ಮ ಅಜ್ಜಿಗೆ ಬರ್ದು ಕೊಟ್ಟವ್ರು ಯಾರೂ ಇಲ್ಲ, ಖರೆ. ಆದ್ರೆ ಅವಳ ಕೈ ಹಗ್ಗದ ಮೇಲೆ ಇತ್ತಲ. ನೀವು ಈಗ ಹಗ್ಗನೇ ಬಿಟ್ಟು ಕೊಡೂಕೆ ಹೊಂಟೀರಿ."

ದುರ್ಗಾ ಸೊಸೆಯನ್ನು ನೋಡಿದಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ತನ್ನ ಕಾಲ ಬಂದಾಗ ತನ್ನ ಮೇಲೇ ಕರಾರು ಬರೆಸುವ ಸೊಸೆಯನ್ನು ಅವಳು ಕೇಣಿಯಲ್ಲೂ ಕಂಡಿರಲಿಲ್ಲ, ಅಂಕೋಲೆಯಲ್ಲೂ ಕಂಡಿರಲಿಲ್ಲ. ಕಣ್ಣು ತುಂಬಿತು. ಅದನ್ನು ಮುಚ್ಚಲು ದೇವಿದಾಸನ ಮೇಲೆ ಹರಿಹಾಯ್ದಳು.

"ಬರೀ ಹಂಗಾದ್ರೆ. ಸುಮ್ನೆ ಅನ್ನ ಅಂತ ಬರೀಬೇಡ. ನಾಳೆ ಇವಳು ಬೇಳೆ ಸಾರು ಬಡಿಸಿ ಕರಾರು ಮುಗೀತು ಅಂದ್ರೆ? ದಿನಾ ಮೀನು ಅಂತ ಬರೀ."

"ಕಾಯ್ದೆಯಲ್ಲಿ ಮೀನಿಲ್ಲ ಬಾಯೀ!"

"ಬರೀರಿ," ಎಂದಳು ಪೂರ್ಣಿಮಾ ಮೂಗು ಒರೆಸಿಕೊಳ್ಳುತ್ತ. "ಸೋಮವಾರ ಬಿಟ್ಟು."

ನಿತೇಶನೂ ನಕ್ಕ. ದೇವಿದಾಸ ತಲೆ ಚಚ್ಚಿಕೊಂಡು ಬರೆದ. ಬರೆದದ್ದನ್ನು ಮೊದಲಿಂದ ಓದಿ ಹೇಳಿದ. ಜಾಗ, ಅನ್ನ, ಮೀನು, ಬಟ್ಟೆ, ಔಷಧ, ಚಾಕರಿ. ಒಂದೊಂದಕ್ಕೂ ದುರ್ಗಾ ತಲೆಯಾಡಿಸಿದಳು.

ಹೆಬ್ಬೆಟ್ಟು ಎಲ್ಲಿ ಒತ್ತಬೇಕೆಂದು ಅವಳು ಕಾಗದದ ಮೇಲೆ ಹುಡುಕಿದಳು. ಪೂರ್ಣಿಮಾ ಅವಳ ಮಣಿಕಟ್ಟನ್ನು ಮೆಲ್ಲಗೆ ಹಿಡಿದು, ಬೆರಳನ್ನು ಶಾಯಿಗೆ ಅದ್ದಿ, ಕಾಗದದ ಮೇಲೆ ಇಟ್ಟಳು. ಅರವತ್ತು ವರ್ಷದ ಹಿಂದೆ ತಾನು ಹೀಗೇ ಹಿಡಿಯುತ್ತಿದ್ದ ಇನ್ನೊಂದು ಕೈ ದುರ್ಗಾಳ ನೆನಪಿಗೆ ಬಂತು. ಹಗ್ಗದಿಂದ ಕೈ ತೆಗೆಯದೆ ಅಜ್ಜಿ ಪ್ರತಿ ಸಲವೂ ಕೇಳುತ್ತಿದ್ದಳು, ಮೀನು ಸಿಕ್ತಾ, ಸಿಕ್ತಾ ಎಂದು.

"ಸಾಕು ಬಾಯೀ, ಬಿತ್ತು. ಎತ್ತಿ," ಎಂದ ದೇವಿದಾಸ.

ದುರ್ಗಾ ಇನ್ನೊಂದು ಗಳಿಗೆ ಬೆರಳನ್ನು ಅಲ್ಲೇ ಇಟ್ಟುಕೊಂಡಳು.